ವೇಷ, ವಸ್ತು ಮತ್ತು ಎಳೆಯ ಪ್ರೇಕ್ಷಕ: ಯಕ್ಷಗಾನದ ಸ್ತ್ರೀವೇಷವನ್ನು ಕುರಿತು

ಪುರುಷರು ಸ್ತ್ರೀವೇಷ ಧರಿಸಿ ನೀಡುವ ಪ್ರದರ್ಶನವನ್ನು ಮಕ್ಕಳು ನೋಡುವುದು ಯುಕ್ತವೇ ಎಂಬ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಅಮೆರಿಕದಲ್ಲಿ ತೀವ್ರ ವಾಗ್ವಾದಕ್ಕೆ ಎಡೆಮಾಡಿದೆ. ಅಲ್ಲಿ ‘ಡ್ರ್ಯಾಗ್’ ಎಂದು ಕರೆಯಲಾಗುವ ಈ ಪ್ರಕಾರದ ಕಲಾವಿದರು ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಕತೆ ಓದಿ ಹೇಳುವ ಕಾರ್ಯಕ್ರಮವು 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾಯಿತು. 2023ರಲ್ಲಿ ಟೆನೆಸ್ಸೀ ರಾಜ್ಯವು ಅಪ್ರಾಪ್ತ ವಯಸ್ಕರಿಗೆ ಹಾನಿಕರವಾದ ಪ್ರದರ್ಶನಗಳನ್ನು ನಿರ್ಬಂಧಿಸುವ ಕಾಯಿದೆಯೊಂದನ್ನು ತಂದಿತು. ಅದೇ ವರ್ಷ ಫೆಡರಲ್ ನ್ಯಾಯಾಲಯವೊಂದು ಅದನ್ನು ಅಸಾಂವಿಧಾನಿಕವೆಂದು ಘೋಷಿಸಿತು. ದಾವೆ ಹೂಡಿದ ನಾಟಕ ತಂಡಕ್ಕೆ ದಾವೆಯ ಅರ್ಹತೆಯೇ ಇಲ್ಲವೆಂದು 2024ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಹೀಗಾಗಿ ಮೂಲಪ್ರಶ್ನೆ ಅತ್ಯುನ್ನತ ಮಟ್ಟದಲ್ಲಿ ಇತ್ಯರ್ಥವಾಗದೆಯೇ ಉಳಿಯಿತು.

ಈ ಕಾಯಿದೆಯ ಪದಬಳಕೆ ಸಾಹಿತ್ಯದ ವಿದ್ಯಾರ್ಥಿಗಳಿಗೂ ಕುತೂಹಲಕರವಾದುದು. ಹಾನಿಯನ್ನು ಅಳೆಯುವ ಮಾನದಂಡವಾಗಿ ಅದು ಪ್ರದರ್ಶನದ ವಸ್ತುವನ್ನು ಇಟ್ಟುಕೊಳ್ಳುತ್ತದೆ. ಆದರೆ ನಿರ್ಬಂಧಕ್ಕೆ ಒಳಪಡುವವರ ಪಟ್ಟಿಯಲ್ಲಿ ನಗ್ನನೃತ್ಯ ಮಾಡುವವರ ಜೊತೆಗೆ ಸ್ತ್ರೀ ಅಥವಾ ಪುರುಷ ವೇಷಧಾರಿಗಳನ್ನೂ ಸೇರಿಸುತ್ತದೆ. ಅಳತೆಗೋಲು ವಸ್ತುವಿನದು, ಹೆಸರಿಸಿದ್ದು ವೇಷವನ್ನು. ವೇಷವೇ ಒಂದು ವಸ್ತುವಾಗಬಲ್ಲುದೇ? ತಲೆತಲಾಂತರದಿಂದ ಮಕ್ಕಳು ಸ್ತ್ರೀವೇಷದೆದುರು ಕುಳಿತು ಬಂದಿರುವ ಕರಾವಳಿಯ ಯಕ್ಷಗಾನ ರಂಗಸ್ಥಳವು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಸ್ಥಳ.

ಯಕ್ಷಗಾನದಲ್ಲಿ ಮಗು ಕೇವಲ ಪ್ರೇಕ್ಷಕನಲ್ಲ ಎಂಬುದು ಮೊದಲು ಗಮನಿಸಬೇಕಾದ ಅಂಶ. ಸಾಂಪ್ರದಾಯಿಕ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷಗಳು ಒಂದರ ಹಿಂದೊಂದು ಬರುತ್ತವೆ. ಇವು ಪ್ರಸಂಗಕ್ಕೆ ಪೀಠಿಕೆಯಾಗಿರುವಂತೆಯೇ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರ ಅಭ್ಯಾಸದ ಮೆಟ್ಟಿಲುಗಳೂ ಆಗಿದ್ದವು. ಅಂದರೆ ಸೀರೆಯುಟ್ಟು ಕುಣಿಯುವುದು ಕಲಾವಿದನ ಶಿಕ್ಷಣಕ್ರಮದ ಒಂದು ಹಂತವೆಂದೇ ಪರಿಗಣಿತವಾಗಿತ್ತು. ನೋಡುವ ಮಕ್ಕಳಿಗೂ ಈ ಕ್ರಮ ಗುಟ್ಟಾಗಿರಲಿಲ್ಲ. ಆಟ ಆರಂಭವಾಗುವ ಮೊದಲೇ ಚೌಕಿಯ ಬದಿಗೆ ನಿಂತು ಬಣ್ಣಗಾರಿಕೆಯನ್ನು ನೋಡುವುದು ಹುಡುಗರ ಹಳೆಯ ಚಾಳಿ. ಮೀಸೆ ಬೋಳಿಸಿಕೊಂಡ ಗಂಡಸು ಕಣ್ಣೆದುರೇ ದ್ರೌಪದಿಯಾಗುವುದನ್ನು ಕಂಡ ಮಗುವಿಗೆ ವೇಷ ಬೇರೆ, ವ್ಯಕ್ತಿ ಬೇರೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ವೇಷ ಮತ್ತು ವಸ್ತುಗಳ ಭೇದವನ್ನು ಕೀಚಕವಧೆಯ ಪ್ರಸಂಗದಷ್ಟು ನಿಚ್ಚಳವಾಗಿ ತೋರುವ ನಿದರ್ಶನ ಮತ್ತೊಂದಿಲ್ಲ. ಇಲ್ಲಿ ಸೈರಂಧ್ರಿಯ ಪಾತ್ರವನ್ನು ರೂಢಿಯಂತೆ ಪುರುಷ ಕಲಾವಿದನೇ ನಿರ್ವಹಿಸುತ್ತಾನೆ. ಭೀಮನು ಕೀಚಕನನ್ನು ವಂಚಿಸಲು ಸೀರೆ ಹೊದ್ದು ನಾಟ್ಯಶಾಲೆಯಲ್ಲಿ ಕಾಯುತ್ತಾನೆ. ಒಂದೇ ಆಟದಲ್ಲಿ ಎರಡು ಬಗೆಯ ಸ್ತ್ರೀವೇಷಗಳು: ಒಂದು ಮರೆಯಬೇಕಾದುದು, ಇನ್ನೊಂದು ಮರೆಯಬಾರದುದು. ಮೊದಲನೆಯದರ ಹಿಂದಿರುವ ಗಂಡಸನ್ನು ಪ್ರೇಕ್ಷಕ ಮರೆತರೆ ಮಾತ್ರ ಕರುಣ ಸಾಧಿತವಾಗುತ್ತದೆ. ಎರಡನೆಯದರ ಹಿಂದಿರುವ ಭೀಮನನ್ನು ನೆನಪಿಟ್ಟುಕೊಂಡರೆ ಮಾತ್ರ ಹಾಸ್ಯ ಹುಟ್ಟುತ್ತದೆ. ಮಕ್ಕಳು ಈ ಎರಡನ್ನೂ ಗೊಂದಲವಿಲ್ಲದೆ ಗ್ರಹಿಸುತ್ತಾರೆ. ಆದರೆ ಈ ಪ್ರಸಂಗದಲ್ಲಿ ಎಳೆಯರನ್ನು ನಿಜಕ್ಕೂ ಕದಡಬಹುದಾದುದು ಯಾವುದು? ಪರಸ್ತ್ರೀಯನ್ನು ಸಭೆಯವರೆಗೂ ಅಟ್ಟಿಸಿಕೊಂಡು ಹೋಗಿ ಒದೆಯುವ ಕೀಚಕನ ಕಾಮ ಮತ್ತು ಕ್ರೌರ್ಯ. ಅದು ಸಂಪೂರ್ಣವಾಗಿ ಪುರುಷವೇಷದಲ್ಲಿಯೇ ರಂಗಕ್ಕೆ ಬರುತ್ತದೆ. ಹಾಸ್ಯಗಾರನ ದ್ವಂದ್ವಾರ್ಥದ ಮಾತುಗಳೂ ಹಾಗೆಯೇ; ಅವುಗಳಿಗೆ ಸೀರೆಯ ಹಂಗಿಲ್ಲ. ವೇಷವನ್ನು ಮಾತ್ರ ಕಾಯುವ ಕಾವಲುಗಾರನು ಕೀಚಕನನ್ನು ಒಳಬಿಟ್ಟು ಭೀಮನನ್ನು ತಡೆದಾನು!

ವಿರಾಟಪರ್ವದಲ್ಲಿಯೇ ಬೃಹನ್ನಳೆಯ ವೃತ್ತಾಂತವೂ ಇದೆ. ಹೆಣ್ಣುಡುಗೆಯ ಅರ್ಜುನನು ಉತ್ತರೆಗೂ ಅವಳ ಸಖಿಯರಿಗೂ ನಾಟ್ಯ ಕಲಿಸುತ್ತಾನೆ. ವ್ಯಾಸಭಾರತದಲ್ಲಿ ವಿರಾಟನು ಅವನನ್ನು ಪರೀಕ್ಷೆಗೆ ಒಳಪಡಿಸಿದ ಬಳಿಕವೇ ಕನ್ಯಾಂತಃಪುರಕ್ಕೆ ಕಳುಹಿಸುತ್ತಾನೆ. ದೊರೆಯ ಆತಂಕವಿದ್ದುದು ಉಡುಗೆಯ ಬಗೆಗಲ್ಲ, ಹೆಣ್ಣುಮಕ್ಕಳ ರಕ್ಷಣೆಯ ಬಗೆಗೆ ಎಂಬುದು ಸ್ಪಷ್ಟ.

ಆದರೆ ನಮ್ಮಲ್ಲಿ ಇದು ಮೊದಲಿನಿಂದಲೂ ಇತ್ತು ಎಂದು ಹೇಳಿ ಚರ್ಚೆಯನ್ನು ಮುಗಿಸುವುದು ಸುಲಭದ ದಾರಿ. ಡ್ರ್ಯಾಗ್ ಮತ್ತು ಸ್ತ್ರೀವೇಷಗಳು ಒಂದೇ ಅಲ್ಲ. ಯಕ್ಷಗಾನದ ಕಲಾವಿದನು ಪುರಾಣದ ಪಾತ್ರದಲ್ಲಿ ತನ್ನನ್ನು ಅಡಗಿಸಿಕೊಳ್ಳುತ್ತಾನೆ. ಡ್ರ್ಯಾಗ್ ಕಲಾವಿದನು ಸಾಮಾನ್ಯವಾಗಿ ತಾನೇ ಕಟ್ಟಿಕೊಂಡ ರಂಗವ್ಯಕ್ತಿತ್ವವೊಂದನ್ನು ಉತ್ಪ್ರೇಕ್ಷೆಯಿಂದ ಮೆರೆಸುತ್ತಾನೆ. ಅದರ ಆಧುನಿಕ ಬೆಳವಣಿಗೆಗೆ ಸಲಿಂಗಪ್ರೇಮಿ ಸಮುದಾಯದ ಕ್ಲಬ್‌ಗಳು ಮುಖ್ಯ ನೆಲೆಯಾಗಿದ್ದವು. ವಯಸ್ಕರಿಗೆಂದೇ ರೂಪಿಸಿದ ಕ್ಲಬ್ಬಿನ ಪ್ರದರ್ಶನಕ್ಕೆ ಮಕ್ಕಳನ್ನು ಕರೆದೊಯ್ಯಲು ಹಿಂಜರಿಯುವ ಪೋಷಕರನ್ನು ಸಂಕುಚಿತರೆಂದು ಜರೆಯಲಾಗದು. ಅದೇ ಕಲಾವಿದರು ಗ್ರಂಥಾಲಯದಲ್ಲಿ ಹಗಲು ಹೊತ್ತು ಮಕ್ಕಳ ಕತೆ ಓದುವುದನ್ನು ಅದಕ್ಕೆ ಸಮೀಕರಿಸುವುದೂ ನ್ಯಾಯವಲ್ಲ. ಇನ್ನು ಜೋಗತಿಯರ ಸಂದರ್ಭದಲ್ಲಿ ‘ವೇಷ’ ಎಂಬ ಪದವೇ ಸಲ್ಲದು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಸೀರೆ ರಂಗದ ಉಡುಪಲ್ಲ, ಬದುಕು. ವೇಷಧಾರಿ ಎಂಬ ಕಾನೂನಿನ ಪದ ಇಂಥವರ ಮೇಲೂ ಬಿದ್ದೀತೆಂಬ ಭಯ ನಿರಾಧಾರವಲ್ಲ.

ನೋಡುವ ಮಗುವಿನ ಬಗೆಗೆ ಇಷ್ಟೊಂದು ವಾದ ನಡೆದಿರುವಾಗ, ವೇಷ ಕಟ್ಟಿದ ಹುಡುಗನ ಬಗೆಗಿನ ಮೌನ ಎದ್ದು ಕಾಣುತ್ತದೆ. ವೃತ್ತಿರಂಗಭೂಮಿಗೆ ನಟಿಯರು ಬರುವ ಮುನ್ನ ಕಂಪನಿಗಳಲ್ಲಿ ಹೆಣ್ಣಿನ ಪಾತ್ರಗಳಿಗೆ ಬಾಲಕರೂ ಬೇಕಾಗಿದ್ದರು. ದನಿ ಒಡೆಯುವವರೆಗೆ ಅವರಿಗೆ ಬೆಲೆ. ಮನೆ ಬಿಟ್ಟು ಬಂದ ಈ ಹುಡುಗರು ಮಾಲೀಕರ ಆಶ್ರಯದಲ್ಲಿ, ಹಿರಿಯ ನಟರ ನಡುವೆ ಬೆಳೆಯಬೇಕಾಗಿತ್ತು. ಬಯಲಾಟದ ಮೇಳಗಳಲ್ಲಿಯೂ ಎಳೆಯ ಸ್ತ್ರೀವೇಷಧಾರಿ ಚೌಕಿಯ ಹೊರಗೆ ಕುಹಕಕ್ಕೆ, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದಕ್ಕೆ ಗುರಿಯಾಗುವ ಸಂಭವವಿತ್ತು. ಸ್ತ್ರೀವೇಷವನ್ನು ಕುರಿತ ನಮ್ಮ ವಿಮರ್ಶೆ ಲಾಲಿತ್ಯ, ಕುಣಿತ, ಮಾತುಗಾರಿಕೆಗಳ ಬಗೆಗೆ ಬಹಳವಾಗಿ ಬರೆದಿದೆ. ಆ ಹುಡುಗ ಎಲ್ಲಿ ಮಲಗುತ್ತಿದ್ದ, ಯಾರ ರಕ್ಷಣೆಯಲ್ಲಿದ್ದ, ದನಿ ಒಡೆದ ಮೇಲೆ ಏನಾದ ಎಂಬ ಪ್ರಶ್ನೆಗಳನ್ನು ಅಷ್ಟಾಗಿ ಎತ್ತಿಕೊಂಡಿಲ್ಲ. ಕಲಾವಿದರ ಆತ್ಮಕಥೆಗಳನ್ನೂ ಸಂದರ್ಶನಗಳನ್ನೂ ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕಾಗಿದೆ. ವೃದ್ಧ ಸ್ತ್ರೀವೇಷಧಾರಿಗಳು ನಮ್ಮೊಡನಿರುವಾಗಲೇ ಅವರ ಬಾಲ್ಯದ ನೆನಪುಗಳನ್ನು ದಾಖಲಿಸಿಕೊಳ್ಳುವ ಕೆಲಸವೂ ಆಗಬೇಕಾಗಿದೆ.