ಹಳೆಯ ಸೈಕಲ್ಲಿನಿಂದ ಮನೆಬಳಕೆಯ ಹೊರೆ ಸೈಕಲ್

ಹೊಸಪೇಟೆ, ಕಮಲಾಪುರ, ಕಂಪ್ಲಿಗಳ ಕಾಲುವೆ ಬಯಲಿನಲ್ಲಿ ಬಾಳೆ, ಕಬ್ಬು, ಭತ್ತ ಬೆಳೆಯುವ ರೈತನಿಗೆ ದಿನವೂ ಸಣ್ಣಪುಟ್ಟ ಸಾಗಾಟ ಇದ್ದೇ ಇರುತ್ತದೆ. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಗದ್ದೆಗೆ ಬುತ್ತಿ, ಸಂಜೆ ಎಮ್ಮೆಗೆ ಹಸಿಮೇವು, ನಡುವೆ ಶಾಲೆಗೆ ಹೋಗುವ ಮಗು. ಇಷ್ಟಕ್ಕೆಲ್ಲ ಬಂಡಿ ಕಟ್ಟುವಂತಿಲ್ಲ. ಮೋಟಾರ್ ಸೈಕಲ್ಲಿಗೆ ಪ್ರತಿ ಸಲವೂ ಪೆಟ್ರೋಲು ಬೇಕು. ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿರುವ 28 ಇಂಚಿನ ಸೈಕಲ್ಲು ಈ ಕೆಲಸಕ್ಕೆ ಸಾಕು. ಆದರೆ ಕ್ಯಾರಿಯರ್ ದೊಡ್ಡದು ಮಾಡಿದ ಮಾತ್ರಕ್ಕೆ ಅದು ಹೊರೆ ಸೈಕಲ್ ಆಗದು. ಮೊದಲು ಚಕ್ರ ಮತ್ತು ಬ್ರೇಕು ಗಟ್ಟಿಯಾಗಬೇಕು, ಹೊರೆ ಆಮೇಲೆ.

ಚೌಕಟ್ಟಿನ ಪರೀಕ್ಷೆ: ಕೊಳವೆಗಳು ಕೂಡುವ ಗಂಟುಗಳನ್ನೂ ಮುಂದಿನ ಫೋರ್ಕಿನ ಬುಡವನ್ನೂ ಚೆನ್ನಾಗಿ ಒರೆಸಿ, ಬಿಸಿಲಿನಲ್ಲಿ ನೋಡಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಸೈಕಲ್ಲನ್ನು ಹೊರೆಗೆ ಬಳಸಬಾರದು.

ಹಿಂದಿನ ಚಕ್ರ: ಹೆಚ್ಚಿನ ಭಾರ ಬೀಳುವುದು ಇದರ ಮೇಲೆಯೇ. ನಮ್ಮ ಸಾದಾ ಸೈಕಲ್ಲಿನ ಹಿಂಚಕ್ರಕ್ಕೆ 40 ಕಡ್ಡಿಗಳು, ಮುಂಚಕ್ರಕ್ಕೆ 32. ಒಂದು ಕಡ್ಡಿ ಮುರಿದರೆ ಅದರ ಭಾರ ಪಕ್ಕದ ಕಡ್ಡಿಗಳಿಗೆ ಬಿದ್ದು ಅವೂ ಮುರಿಯುತ್ತವೆ. ಆದುದರಿಂದ ದಪ್ಪ ಕಡ್ಡಿ ಹಾಕಿಸಿ ಚಕ್ರವನ್ನು ನೇರ ಮಾಡಿಸಿರಿ. ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸತಕ್ಕದ್ದು.

ಹಲ್ಲಿನ ಲೆಕ್ಕ: ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬರುವಾಗ ಚಕ್ರ ಸುಮಾರು 2.4 ಸುತ್ತು ಬರುತ್ತದೆ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ 2 ಸುತ್ತು. ವೇಗ ತಗ್ಗುತ್ತದೆ, ತುಳಿಯುವ ಕಾಲಿಗೆ ಹಗುರವಾಗುತ್ತದೆ. ಚೈನು ತುಸು ಉದ್ದ ಬೇಕಾದೀತು.

ಕ್ಯಾರಿಯರ್: ಕಬ್ಬಿಣದ ಕ್ಯಾರಿಯರಿನ ಕಾಲುಗಳು ಹಿಂಚಕ್ರದ ಅಚ್ಚಿನ ಮೇಲೆ ನಟ್ಟು ಬಿಗಿದು ಕೂರಬೇಕು. ಅದನ್ನು ಚೌಕಟ್ಟಿಗೇ ವೆಲ್ಡಿಂಗ್ ಮಾಡಿಸಬೇಡಿ. ತೆಳುವಾದ ಕೊಳವೆ ಕಾವಿಗೆ ಸುಟ್ಟು ಬಲ ಕಳೆದುಕೊಳ್ಳುತ್ತದೆ. ಎರಡೂ ಬದಿಗೆ ಕೊಕ್ಕೆ ಇಟ್ಟು ಕ್ಯಾನು, ಚೀಲಗಳನ್ನು ತಗ್ಗಿನಲ್ಲಿ ಸಮತೂಕವಾಗಿ ತೂಗಹಾಕಿರಿ. ತುಳಿಯುವಾಗ ಹಿಮ್ಮಡಿ ತಾಗಬಾರದು. ಹೊರೆ ಅಚ್ಚಿನಿಂದ ಹಿಂದಕ್ಕೆ ಜಾರಿದರೆ ಏರಿನಲ್ಲಿ ಮುಂಚಕ್ರ ಮೇಲೇಳುತ್ತದೆ. ನಿಲ್ಲಿಸಲು ಅಗಲವಾದ ಜೋಡಿಕಾಲಿನ ಸ್ಟ್ಯಾಂಡ್ ಇರಲಿ.

ಮಗುವಿನ ಆಸನ: ಬೆನ್ನಿಗೆ ಒರಗು, ಹಿಡಿಯಲು ಕಂಬಿ, ಕಾಲಿಡಲು ಪಟ್ಟಿ, ಈ ಮೂರೂ ಇರಬೇಕು. ಚಕ್ರದ ಎರಡೂ ಬದಿಗೆ ತಗಡು ಅಥವಾ ಜಾಲರಿ ಕಟ್ಟಿಸಿರಿ. ಮಕ್ಕಳ ಪಾದ ಕಡ್ಡಿಗೆ ಸಿಕ್ಕಿ ಆಗುವ ಗಾಯ ಘೋರವಾದುದು. ತಡೆಯುವ ಖರ್ಚು ಅತ್ಯಲ್ಪ. ಸೀರೆಯ ಸೆರಗಿಗೂ ಇದೇ ರಕ್ಷಣೆ. ಮಗುವನ್ನು ಕೂರಿಸಿದಾಗ ಬೇರೆ ಭಾರ ಹೇರಬೇಡಿ. ನಿಂತ ಸೈಕಲ್ಲಿನ ಮೇಲೆ ಮಗುವನ್ನು ಬಿಟ್ಟು ಹೋಗಬೇಡಿ.

ಬ್ರೇಕು: ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕ್ ರಬ್ಬರು ಹಿಡಿಯದೆ ಜಾರುತ್ತದೆ. ಹೊಸ ರಬ್ಬರು ಹಾಕಿಸಿ, ಮೊದಲು ಮರಳಿನ ಚೀಲ ಹೇರಿ ಸಣ್ಣ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿರಿ. ಮರಳು ಸರಿಯಾಗಿ ಬಂದಮೇಲೆಯೇ ಮಗು ಏರಲಿ. ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ ಹೊರೆಯೊಡನೆ ತುಳಿಯದೆ ಇಳಿದು ನಡೆಯುವುದೇ ಕ್ಷೇಮ. ಅದಿರಿನ ಲಾರಿ ಓಡಾಡುವ ರಸ್ತೆಗಳಲ್ಲಿ ಹಿಂಬದಿಗೆ ಕೆಂಪು ಪ್ರತಿಫಲಕ ಕಡ್ಡಾಯವಾಗಿ ಇರಲಿ.

ಎಷ್ಟು ಭಾರ?: 1954ರಲ್ಲಿ ವಿಯೆಟ್ನಾಮಿನ ದಿಯನ್ ಬಿಯನ್ ಫೂ ಯುದ್ಧದಲ್ಲಿ ಬಲಪಡಿಸಿದ ಸೈಕಲ್ಲುಗಳು ಒಂದೊಂದೂ ಸುಮಾರು 200 ಕಿ.ಗ್ರಾಂ ಸಾಮಾನು ಹೊತ್ತವು. ಆದರೆ ಅವನ್ನು ತುಳಿದು ಒಯ್ದಿದ್ದಲ್ಲ. ಹ್ಯಾಂಡಲಿಗೆ ಬಿದಿರು ಕಟ್ಟಿ, ಪಕ್ಕದಲ್ಲಿ ನಡೆಯುತ್ತಾ ತಳ್ಳಿದ್ದು. ನಾವೂ ಹಾಗೆಯೇ ಮಾಡಬೇಕು. ತುಳಿಯುವಾಗ ಒಂದು ಯೂರಿಯಾ ಚೀಲ, ಅಂದರೆ 45 ಕಿ.ಗ್ರಾಂ ಮಿತಿ ಇಟ್ಟುಕೊಳ್ಳಿರಿ. ಅದಕ್ಕಿಂತ ಹೆಚ್ಚಾದರೆ ತಳ್ಳಿರಿ, ಇಲ್ಲವೇ ಎರಡು ಸಲ ಹೋಗಿ ಬನ್ನಿರಿ.

ಪ್ರತಿದಿನ ಗಾಳಿ ಮತ್ತು ಬ್ರೇಕು, ವಾರಕ್ಕೊಮ್ಮೆ ಕಡ್ಡಿ, ಕ್ಯಾರಿಯರಿನ ನಟ್ಟು ಮತ್ತು ಚೈನಿನ ಎಣ್ಣೆ ನೋಡಿಕೊಳ್ಳಿರಿ. ಕೆಸರು ಗದ್ದೆಯಿಂದ ಬಂದ ದಿನ ಚಕ್ರ ತೊಳೆದು ಒರೆಸಿಡಿರಿ.