ಜೀವನಾಂಶ ಕೇಳಲು ಹಿಂಜರಿಯಬೇಡಿ

ತಲಾಖ್ ಆದಮೇಲೆ ಇದ್ದತ್ ಅವಧಿಯ ಖರ್ಚು ಕೊಟ್ಟರೆ ಮುಗಿಯಿತು ಎಂದು ಮೊಹಲ್ಲಾದ ಹಿರಿಯರು ಹೇಳಿದರೆ, ಅಕ್ಕಾ, ಅಷ್ಟಕ್ಕೇ ಸುಮ್ಮನಾಗಬೇಡಿ. 1985ರಲ್ಲಿ ವಿಚ್ಛೇದಿತ ಮಹಿಳೆ ಶಾ ಬಾನೊ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದ ಜೀವನಾಂಶದ ಹಕ್ಕನ್ನು 1986ರ ಕಾಯ್ದೆ ಕಸಿದುಕೊಂಡಿತೆಂದೇ ಬಹುಮಂದಿ ನಂಬಿದ್ದಾರೆ. ಆದರೆ 2001ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಅರ್ಥೈಸಿದ್ದೇ ಬೇರೆ: ಇದ್ದತ್ ಮುಗಿಯುವುದರೊಳಗೆ ಪತಿ ತಾನು ತಲಾಖ್ ಕೊಟ್ಟ ಪತ್ನಿಯ ಮುಂದಿನ ಬದುಕಿಗೂ ನ್ಯಾಯಯುತ ಏರ್ಪಾಡು ಮಾಡಬೇಕು. 2024ರ ಜುಲೈನಲ್ಲಂತೂ, ಎಲ್ಲ ಧರ್ಮದ ಹೆಂಗಸರಿಗಿರುವ ಜೀವನಾಂಶದ ಕಾನೂನು (ಈಗ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ) ದುಡಿಮೆಯಿಲ್ಲದ ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಅನ್ವಯವೆಂದು ಸ್ಪಷ್ಟಪಡಿಸಿತು. ಕೇಳಿದರೆ ದೀನಿಗೆ ಕುಂದು ಎಂದು ಹೆದರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಕಾಹ್‌ನಾಮಾ, ತಲಾಖ್ ಪತ್ರ ಜೋಪಾನವಾಗಿಡಿ. ವಕೀಲರ ಫೀಸಿಗೆ ಅಂಜಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ.