ಹಲ್ಲಿನೊಳಗಣ ಬೆಳ್ಳಿ ಸಿಮೆಂಟು: ತೆಗೆಸುವವರಿಗೆ ಕೆಲವು ಸೂಚನೆಗಳು

ಸುಗ್ಗಿ ಮುಗಿದು, ಜೋಳ ಕಡಲೆಗಳು ಮನೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ, ಅಮ್ಮಿನಬಾವಿಯಿಂದಲೂ ಸವದತ್ತಿ ರಸ್ತೆಯ ಅಕ್ಕಪಕ್ಕದ ಗ್ರಾಮಗಳಿಂದಲೂ ಧಾರವಾಡಕ್ಕೆ ಬಂದು, ಎಷ್ಟೋ ವರ್ಷಗಳ ಹಿಂದೆ ದವಡೆಹಲ್ಲಿಗೆ ತುಂಬಿಸಿದ ಬೆಳ್ಳಿ ಸಿಮೆಂಟನ್ನು ಕೀಳಿಸಿ ಹಲ್ಲಿನ ಬಣ್ಣದ ಸಿಮೆಂಟನ್ನು ಹಾಕಿಸಿಕೊಳ್ಳಬಯಸುವವರು ಅನೇಕರಿದ್ದಾರೆ. ಇವರ ಉದ್ದೇಶವು ನಿಂದ್ಯವಲ್ಲ. ಆದರೆ ಅಗತ್ಯವಿದೆಯೇ ಎಂದು ವಿಚಾರಿಸದೆ ತೆಗೆಸುವುದು ಮತ್ತು ತೆಗೆಸುವುದೇ ನಿಶ್ಚಯವಾದರೆ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿಕೊಳ್ಳಲು ಹಟ ಹಿಡಿಯುವುದು, ಇವೆರಡೂ ತಪ್ಪುಗಳೆಂಬುದನ್ನು ತಿಳಿಸುವುದಕ್ಕಾಗಿ ಈ ಲೇಖನ.

ಬೆಳ್ಳಿ ಸಿಮೆಂಟೆಂದು ಜನರು ಕರೆಯುವ ಅಮಾಲ್ಗಮಿನಲ್ಲಿ ಬೆಳ್ಳಿಗಿಂತ ಪಾದರಸವೇ ಅಧಿಕ. ತೂಕದಲ್ಲಿ ಸುಮಾರು ಅರ್ಧಭಾಗ ಪಾದರಸ, ಉಳಿದುದು ಬೆಳ್ಳಿ, ತವರ, ತಾಮ್ರ. ಪಾದರಸದ ಬಳಕೆಯನ್ನು ತಗ್ಗಿಸಲು 2013ರಲ್ಲಿ ಜಪಾನಿನಲ್ಲಿ ಅಂಗೀಕೃತವಾದ ಮಿನಮಾಟಾ ಒಪ್ಪಂದವನ್ನು ಭಾರತವು 2018ರಲ್ಲಿ ಅನುಮೋದಿಸಿದೆ. ಯುರೋಪಿಯನ್ ಒಕ್ಕೂಟವು 2025ರ ಆರಂಭದಿಂದ ಅಮಾಲ್ಗಮಿನ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿದೆ. ಇಷ್ಟರಿಂದಲೇ ಬಾಯಲ್ಲಿರುವುದನ್ನೆಲ್ಲ ಕಿತ್ತೊಗೆಯಬೇಕೆಂದು ಅರ್ಥಮಾಡತಕ್ಕದ್ದಲ್ಲ.

ಮೊದಲನೆಯ ಹೆಜ್ಜೆ: ಅಗತ್ಯದ ನಿರ್ಣಯ

ಗಟ್ಟಿಯಾಗಿ ಕುಳಿತ ಸಿಮೆಂಟಿನಿಂದ ಹೊರಡುವ ಪಾದರಸದ ಆವಿಯು ಅತ್ಯಲ್ಪ; ಅದನ್ನು ಕೊರೆಯುವಾಗಲೇ ಆವಿಯೂ ಧೂಳೂ ಹೆಚ್ಚಾಗಿ ಏಳುತ್ತವೆ. ಆದುದರಿಂದಲೇ, ಸುಸ್ಥಿತಿಯಲ್ಲಿರುವ ತುಂಬುವಿಕೆಯನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಯಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರಲ್ಲಿ ಸೂಚಿಸಿತು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಆರು ವರ್ಷದೊಳಗಿನ ಮಕ್ಕಳು, ಮೂತ್ರಪಿಂಡದ ಅಥವಾ ನರಮಂಡಲದ ವ್ಯಾಧಿಯುಳ್ಳವರು ಹೊಸದಾಗಿ ಅಮಾಲ್ಗಮನ್ನು ತುಂಬಿಸಿಕೊಳ್ಳದಿರುವುದು ಲೇಸೆಂದೂ ಅದೇ ಸೂಚನೆ ಹೇಳಿತು. ಮೊದಲೇ ಇರುವುದನ್ನು ಕೀಳಿಸುವ ಕೆಲಸವನ್ನು ಗರ್ಭಿಣಿಯರೂ ಹಾಲೂಡಿಸುವವರೂ, ತುರ್ತಿಲ್ಲದಿದ್ದರೆ, ಮುಂದಕ್ಕೆ ಹಾಕುವುದು ವಿಹಿತ.

ಸಿಮೆಂಟು ಬಿರುಕುಬಿಟ್ಟಿದ್ದರೆ, ಅಂಚು ಮುರಿದು ಆಹಾರವು ಸಿಕ್ಕಿಕೊಳ್ಳುತ್ತಿದ್ದರೆ, ಎಕ್ಸ್-ರೇಯಲ್ಲಿ ಅದರ ಅಡಿಯಲ್ಲಿ ಹುಳುಕು ಕಂಡರೆ, ಅಥವಾ ಅದಕ್ಕೆ ತಾಗುವ ಕೆನ್ನೆಯ ಒಳಪದರದಲ್ಲಿ ಬಿಳಿಯ ಬಲೆಯಂತಹ ಗುರುತು ಮೂಡಿ ಉರಿಯುತ್ತಿದ್ದರೆ, ವೈದ್ಯರ ಪರೀಕ್ಷೆಯ ಅನಂತರ ಅದನ್ನು ಬದಲಿಸುವುದು ನ್ಯಾಯ. ಕಪ್ಪಾಗಿದೆಯೆಂಬುದು ಮಾತ್ರ ಕಾರಣವಾಗಲಾರದು. ಪ್ರತಿಸಲ ಕೊರೆದಾಗಲೂ ಒಳ್ಳೆಯ ಹಲ್ಲಿನ ಸ್ವಲ್ಪ ಭಾಗವು ಹೋಗಿಯೇ ಹೋಗುತ್ತದೆ. ಸಿಮೆಂಟು ತೆಗೆಸಿದರೆ ಬೆನ್ನುನೋವೂ ಮರೆವೂ ಹೋಗುವುವೆಂದು ಆಶೆ ತೋರಿಸಿ, ಮೈಯೊಳಗಿನ ಪಾದರಸವನ್ನು ಇಳಿಸುವ ಔಷಧಿಯನ್ನೂ ಜೊತೆಯಲ್ಲಿ ಮಾರುವವರ ಬಳಿ ಕುಳಿತುಕೊಳ್ಳದೆ ಎದ್ದುಬರುವುದೇ ಜಾಣತನ.

ಎರಡನೆಯ ಹೆಜ್ಜೆ: ಕೇಳಬೇಕಾದ ಪ್ರಶ್ನೆಗಳು

ಧಾರವಾಡದಲ್ಲಿ ಖಾಸಗಿ ದಂತವೈದ್ಯರಿದ್ದಾರೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ನಡುವೆ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಎಲ್ಲಿಗೆ ಹೋದರೂ ಕುರ್ಚಿಯ ಮೇಲೆ ಒರಗುವ ಮುನ್ನ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ: ರಬ್ಬರ್ ಡ್ಯಾಮ್ ಹಾಕುವಿರಾ? ಜೋರಾಗಿ ಎಳೆಯುವ ಸಕ್ಷನ್ ಇದೆಯೇ? ನೀರು ಚಿಮ್ಮಿಸುತ್ತ ಕೊರೆಯುವಿರಾ? ಕೋಣೆಗೆ ಗಾಳಿಯ ಸಂಚಾರವಿದೆಯೇ? ಒಳ್ಳೆಯ ವೈದ್ಯರು ಇದರಿಂದ ಕೋಪಗೊಳ್ಳುವುದಿಲ್ಲ.

ಮೂರನೆಯ ಹೆಜ್ಜೆ: ಕೀಳುವ ಕ್ರಮ

ಹಲ್ಲನ್ನು ಮರಗಟ್ಟಿಸಿ, ರಬ್ಬರ್ ಡ್ಯಾಮ್ ಎಂಬ ರಬ್ಬರಿನ ಹಾಳೆಯನ್ನು ಹಲ್ಲಿನ ಸುತ್ತ ಬಿಗಿದು, ಕೊರೆಯುವ ಹೊಸ ಬರ್‌ನಿಂದ ಸಿಮೆಂಟನ್ನು ಅಡ್ಡಡ್ಡ ಸೀಳಿ ದೊಡ್ಡ ತುಂಡುಗಳಾಗಿ ಎತ್ತಿ ತೆಗೆಯುವುದು ಉತ್ತಮ ಕ್ರಮ. ಪೂರ್ತಿಯಾಗಿ ಅರೆದು ಪುಡಿಮಾಡಿದಷ್ಟೂ ಆವಿಯೂ ಧೂಳೂ ಹೆಚ್ಚು. ಹಾಳೆಯು ಬಾಯಿಯನ್ನು ಮುಚ್ಚುವುದರಿಂದ ಮೂಗಿನಿಂದಲೇ ಉಸಿರಾಡಬೇಕು. ನೆಗಡಿಯಾಗಿ ಮೂಗು ಕಟ್ಟಿದ್ದರೆ ಆ ದಿನ ಹೋಗಬೇಡಿರಿ. ರಬ್ಬರಿಗೆ ಅಲರ್ಜಿಯಿದ್ದರೆ ಮೊದಲೇ ತಿಳಿಸತಕ್ಕದ್ದು. ಕೊರೆದ ಮೇಲೆ ಬಾಯಿಯನ್ನು ಚೆನ್ನಾಗಿ ತೊಳೆದುಕೊಳ್ಳುವವರೆಗೆ ಉಗುಳನ್ನು ನುಂಗದಿರುವುದು ಉಚಿತ.

ನಾಲ್ಕನೆಯ ಹೆಜ್ಜೆ: ಆತುರಪಡದಿರುವುದು

ವಿಶೇಷವಾಗಿ ಹೇಳಬೇಕಾದ ಮಾತು ಇಲ್ಲಿದೆ. ಊರಿಂದ ಬರುವವರಿಗೆ ಪ್ರತಿಯೊಂದು ಭೇಟಿಯೂ ಒಂದು ದಿನದ ಕೂಲಿಯ, ಬಸ್ಸಿನ ಖರ್ಚಿನ, ಹೊಲದ ಕೆಲಸದ ನಷ್ಟವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅದಕ್ಕಾಗಿಯೇ ‘ಡಾಕ್ಟ್ರ, ನಾಲ್ಕೂ ಇವತ್ತ ಮುಗಿಸಿಬಿಡ್ರಿ’ ಎಂಬ ಬೇಡಿಕೆಯು ಬರುತ್ತದೆ. ಆದರೆ ದಿನವನ್ನು ಉಳಿಸುವ ಆಶೆಯು ಕೇಡು ತರಬಹುದು. ಮೊದಲನೆಯದಾಗಿ, ಒಂದೇ ಭೇಟಿಯಲ್ಲಿ ಕೀಳುವ ಸಿಮೆಂಟುಗಳ ಸಂಖ್ಯೆ ಏರಿದಷ್ಟೂ ರೋಗಿಯೂ ವೈದ್ಯರೂ ಆವಿಯ ಸಂಪರ್ಕದಲ್ಲಿರುವ ವೇಳೆಯು ಏರುತ್ತದೆ. ಎರಡನೆಯದಾಗಿ, ಎರಡು ಬದಿಗಳ ದವಡೆಗಳೂ ಒಟ್ಟಿಗೆ ಮರಗಟ್ಟಿ, ಎರಡು ಬದಿಗಳಲ್ಲಿಯೂ ಹೊಸ ಸಿಮೆಂಟು ಬಿದ್ದರೆ, ಹಲ್ಲುಗಳು ಮೊದಲು ಎಲ್ಲಿ ಕೂಡುತ್ತಿದ್ದುವೆಂಬ ಆಧಾರವೇ ತಪ್ಪಿಹೋಗಿ, ಕಚ್ಚಿ ನೋಡಿದಾಗ ಯಾವುದು ಎತ್ತರವಾಗಿದೆಯೆಂಬುದು ಗೊತ್ತಾಗುವುದಿಲ್ಲ. ಮೂರನೆಯದಾಗಿ, ಮಾರನೆಯ ದಿನ ಕಡಕ್ ರೊಟ್ಟಿ ಕಡಿಯುವಾಗ ನೋವು ಹೊಡೆದರೆ, ನಾಲ್ಕರಲ್ಲಿ ಯಾವ ಹಲ್ಲು ನೋಯುತ್ತಿದೆಯೆಂದು ಕೈಮುಟ್ಟಿ ತೋರಿಸುವುದು ರೋಗಿಗೂ ಕಷ್ಟವಾಗುತ್ತದೆ.

ಆದುದರಿಂದ ಒಂದು ಬದಿಯನ್ನು ಮಾತ್ರ ಒಂದು ದಿನಕ್ಕೆ ತೆಗೆದುಕೊಂಡು, ಆ ಬದಿಯಿಂದ ಊಟ ಸರಾಗವಾದ ಮೇಲೆ ಮತ್ತೊಂದು ಬದಿಗೆ ಹೋಗಿರಿ. ಪರೀಕ್ಷೆಯನ್ನೂ ಎಕ್ಸ್-ರೇಯನ್ನೂ ಸಂತೆಗೋ ಬ್ಯಾಂಕಿನ ಕೆಲಸಕ್ಕೋ ಪೇಟೆಗೆ ಬಂದ ದಿನ ಮುಗಿಸಿಕೊಂಡರೆ ಖರ್ಚಿನ ಹೊರೆಯು ಸಾಕಷ್ಟು ಇಳಿಯುತ್ತದೆ.

ಐದನೆಯ ಹೆಜ್ಜೆ: ಬದಲಿಗೆ ಏನು?

ಹಲ್ಲಿನ ಬಣ್ಣದ ಕಾಂಪೋಸಿಟನ್ನು ತೆಳುವಾದ ಪದರಗಳಲ್ಲಿ ಇಟ್ಟು ನೀಲಿಯ ಬೆಳಕಿನಿಂದ ಗಟ್ಟಿಮಾಡುತ್ತಾರೆ. ಹಲ್ಲಿಗೆ ಉಗುಳಿನ ತೇವ ತಾಗಿದರೆ ಅದು ಸರಿಯಾಗಿ ಹಿಡಿಯದು. ದವಡೆಯ ದೊಡ್ಡ ಕುಳಿಗಳಲ್ಲಿ ಅದು ಅಮಾಲ್ಗಮಿನಷ್ಟು ಬಾಳದಿರಬಹುದೆಂಬ ಸತ್ಯವನ್ನು ಮುಚ್ಚಿಟ್ಟು ಮಾರುವುದು ತರವಲ್ಲ. ವಸಡಿನ ಬಳಿಯ ಒಣಗಿಸಲಾಗದ ಕುಳಿಗೆ ಗ್ಲಾಸ್ ಅಯನೋಮರು ಅನುಕೂಲ. ಫ್ಲೋರೈಡನ್ನು ಬಿಡುತ್ತದೆ, ಆದರೆ ಬಲ ಕಡಿಮೆ. ಗೋಡೆಗಳು ಬಿರಿದ ಹಲ್ಲಿಗೆ ಕ್ಯಾಪ್ ಹಾಕಿಸುವುದೇ ಸರಿ.

ಕೊನೆಯದಾಗಿ

ಮರಗಟ್ಟಿದ್ದು ಇಳಿಯುವವರೆಗೆ ಅಗಿಯಬೇಡಿರಿ, ಕೆನ್ನೆಯನ್ನೇ ಕಡಿದುಕೊಳ್ಳುವಿರಿ. ತಣ್ಣಗಿನದು ತಾಗಿದಾಗ ಜುಮ್ಮೆನ್ನುವುದು ಕೆಲವು ದಿನ ಸಹಜ. ಕಚ್ಚಿದಾಗ ನೋವಾದರೆ ಎತ್ತರ ತಿದ್ದಿಸಿಕೊಳ್ಳಿರಿ. ರಾತ್ರಿ ತಾನಾಗಿ ಮಿಡಿಯುವ ನೋವಾದರೆ ತಡಮಾಡದೆ ಹಿಂದಿರುಗಿರಿ. ಕಿತ್ತ ಚೂರುಗಳನ್ನು ಮೋರಿಗೆ ಬಿಡದೆ, ದಹನಕ್ಕೆ ಹೋಗುವ ಹಳದಿ ಚೀಲಕ್ಕೂ ಹಾಕದೆ, ಬಿಗಿಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿ ಇಡುತ್ತಾರೆಯೇ ಎಂದು ವೈದ್ಯರನ್ನು ಕೇಳುವುದು ಗ್ರಾಹಕರ ಹಕ್ಕು. ಮಲಪ್ರಭೆಯ ನೀರನ್ನು ಶುದ್ಧಗೊಳಿಸಿ ಅವಳಿ ನಗರಗಳಿಗೆ ಕಳಿಸುವ ಸ್ಥಾವರವನ್ನು ತಮ್ಮ ಊರಿನಲ್ಲಿ ಹೊತ್ತ ಅಮ್ಮಿನಬಾವಿಯವರು ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳತಕ್ಕವರು. ಶುಲ್ಕವು ಊರಿಂದೂರಿಗೆ ಬೇರೆ. ಹಲ್ಲಿಗೆ ಇಷ್ಟೆಂದು ಬರೆದ ಚೀಟಿಯನ್ನು ಮೊದಲೇ ಪಡೆಯಿರಿ.